ಉಲ್ಟಾ ಬೀಗಕ್ಕೆ ಆಧಾರ ಬೇಕಾಗಿದೆ

ಮಾರ್ಚ್ ೪, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗುವವರು ಯಾರೂ ಇಲ್ಲ, ಏಕೆಂದರೆ ಇದನ್ನು ಓದುವವರೂ ಯಾರೂ ಇಲ್ಲ. ನಗುವುದಾದರೆ ಈ ಡೈರಿಯೇ ನಗಬೇಕು. ಅಕ್ಕನ ಮಗಳು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಯವರು ಹಂಚಿದ್ದು. ಪ್ರತಿ ಪುಟದ ತಲೆಯಲ್ಲೂ ಒಂದು ದವಡೆ ಹಲ್ಲು ಕಿಸಿಯುತ್ತಾ ನಿಂತಿದೆ.

ಬಲಗೈ ಮುರಿದದ್ದು ಶನಿವಾರ. ಮೂವತ್ತೆರಡು ವರ್ಷದಿಂದ ಬೀಗದ ಕೆಲಸ ಮಾಡುತ್ತಿರುವ ನಾನು, ಊರೆಲ್ಲ ಬೀಗದಮ್ಮ ಎಂದು ಕರೆಯುವ ನಾನು, ಕೀಲಿಕೈ ಕಳೆದುಕೊಂಡವರ ಮನೆ ಬಾಗಿಲಿಗೆ ಒರಗಿಕೊಂಡು ಬೀಗ ಬಿಡಿಸಿದೆ. ಬೀಗ ತೆರೆಯಿತು, ಬಾಗಿಲೂ ತೆರೆಯಿತು, ಜೊತೆಗೆ ನಾನೂ ಒಳಗೆ ಹೋದೆ. ಮನೆಯವರು ಬೀಗಕ್ಕೆ ಏನೂ ಆಗಿಲ್ಲವಷ್ಟೇ ಎಂದು ಮೊದಲು ನೋಡಿಕೊಂಡರು, ಆಮೇಲೆ ನನ್ನನ್ನು. ಆರು ವಾರ ಪ್ಲಾಸ್ಟರ್. ಅಂಗಡಿಗೆ ಬೀಗ.

ಮನೆಯಲ್ಲಿ ಕೂತ ಮೂರೇ ದಿನಕ್ಕೆ ಅಕ್ಕನ ಮಗಳಿಗೆ ನಾನು ಸಾಕಾದೆ. ಎಡಗೈಗೆ ಅಭ್ಯಾಸವಾಗಲಿ ಎಂದು ಮನೆಯಲ್ಲಿದ್ದ ಬೀಗಗಳನ್ನೆಲ್ಲ ತಂತಿಯಲ್ಲಿ ತೆರೆಯುತ್ತಾ ಹೋದೆ. ಅವುಗಳಲ್ಲಿ ಒಂದು ಅವಳ ಪತ್ರಗಳ ಪೆಟ್ಟಿಗೆಯದಾಗಿತ್ತು. ನಾನು ಒಂದನ್ನೂ ಓದಲಿಲ್ಲ. ಎರಡನೆಯದನ್ನಂತೂ ಪೂರ್ತಿ ಓದಲಿಲ್ಲ. ಸಂಜೆ ತನ್ನ ಹಳೆಯ ಲ್ಯಾಪ್‌ಟಾಪನ್ನು ತಂದು ನನ್ನ ಮುಂದೆ ಕುಕ್ಕಿದಳು.

"ಚಿಕ್ಕಮ್ಮ, ತೆರೆಯೋದಾದ್ರೆ ಇದನ್ನ ತೆರೀರಿ. ಎಲ್ಲರೂ ಸೇರಿ ಬರೆಯೋ ವಿಶ್ವಕೋಶ ಇದೆ ಇದರಲ್ಲಿ. ತಪ್ಪು ಕಂಡ್ರೆ ಯಾರು ಬೇಕಾದ್ರೂ ತಿದ್ದಬಹುದು."

ತಪ್ಪು ತಿದ್ದುವುದು ನನಗೆ ಮೊದಲಿಂದಲೂ ಇಷ್ಟ. ಬೇರೆಯವರ ತಪ್ಪಾದರೆ ಇನ್ನೂ ಇಷ್ಟ.

ಮಾರ್ಚ್ ೫, ಬುಧವಾರ

ವಿಶ್ವಕೋಶದಲ್ಲಿ ಉಲ್ಟಾ ಬೀಗದ ಬಗ್ಗೆ ಒಂದು ಪುಟವಿದೆ! ನಮ್ಮ ಉಲ್ಟಾ ಬೀಗ. ಕೀಲಿಕೈಯನ್ನು ಮೊದಲು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಆಮೇಲೆ ಮುಂದಕ್ಕೆ ತಿರುಗಿಸಿದರೆ ಮಾತ್ರ ತೆರೆಯುವ ಬೀಗ. ಈ ಊರಿನ ಅಂಚೆ ಕಚೇರಿಯಿಂದ ಹಿಡಿದು ಶಾಲೆಯ ಕಪಾಟುಗಳವರೆಗೆ ಅದೇ ನೇತಾಡುತ್ತಿದೆ. ಪುಟದಲ್ಲಿ ಇರುವುದು ನಾಲ್ಕೇ ಸಾಲು. ನಾಲ್ಕನೆಯ ಸಾಲು ಓದಿ ಮೈಯೆಲ್ಲ ಉರಿಯಿತು. "ಇದನ್ನು ರೂಪಿಸಿದವರು ಯಾರೆಂದು ತಿಳಿದಿಲ್ಲ."

ತಿಳಿಯದೆ ಏನು? ನಮ್ಮಪ್ಪ. ನಾನು ಹದಿಮೂರರವಳು ಆಗ. ಅಪ್ಪ ಆ ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ತಂತಿಯಿಂದ ಕೆದಕುತ್ತಾ ಕೂತದ್ದು, ಕೊನೆಗೆ ಅದು ಕಟಕ್ಕೆಂದು ತೆರೆದಾಗ ಮಗುವಿನ ಹಾಗೆ ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೀಗದಮ್ಮ ಎಂಬ ಹೆಸರಿನಲ್ಲೇ ಅಕೌಂಟ್ ತೆರೆದು, ಒಂದೊಂದೇ ಬೆರಳಲ್ಲಿ ಕುಟ್ಟಿ ಸೇರಿಸಿದೆ: "ಇದನ್ನು ರೂಪಿಸಿದವರು ನನ್ನ ತಂದೆಯವರು. ಅವರದು ಚಿನ್ನದಂಥ ಕೈ, ಅದಕ್ಕಿಂತ ಚಿನ್ನದಂಥ ಮನಸ್ಸು."

ಬರೆಯಲು ನಲವತ್ತು ನಿಮಿಷ ಬೇಕಾಯಿತು. ನಾಲ್ಕು ನಿಮಿಷದಲ್ಲಿ ಮಾಯ. ಅಳಿಸಿದವರ ಹೆಸರು ಕತ್ತರಿ. ಕಾರಣ: "ಆಧಾರವಿಲ್ಲ." ಮತ್ತೆ ಹಾಕಿದೆ, ಮತ್ತೆ ಕತ್ತರಿಸಿತು. ಹೀಗೆ ಏಳು ಸಲ. ಚೂಪು ಮೂಗಿನ, ಸಣಕಲು ಗಂಡಸೊಬ್ಬ ಎಲ್ಲೋ ಕೂತು ಹಲ್ಲು ಕಿರಿಯುತ್ತಿರಬೇಕು, ಈ ಡೈರಿಯ ದವಡೆಯ ಹಾಗೆ.

ಮಾರ್ಚ್ ೬, ಗುರುವಾರ

ಪುಟದ ನೆತ್ತಿಯ ಮೇಲೆ ಇವತ್ತು ಕೆಂಪು ಚೌಕಟ್ಟಿನ ನೋಟಿಸು. ಈ ಪುಟದಲ್ಲಿ ಒಂದೂ ಆಧಾರವಿಲ್ಲವಂತೆ, ಮೂರು ವಾರದೊಳಗೆ ಯಾರೂ ಒದಗಿಸದಿದ್ದರೆ ಪುಟವನ್ನೇ ತೆಗೆದುಹಾಕುತ್ತಾರಂತೆ. ಅಂದರೆ ಇಪ್ಪತ್ತೇಳನೇ ತಾರೀಕು. ಅಪ್ಪನ ಹೆಸರು ಸೇರಿಸಲು ಹೋಗಿ ಬೀಗವನ್ನೇ ಕಳೆದೆ.

ಅಕ್ಕನ ಮಗಳು ಸಹಾಯ ಪುಟ ಎಂಬುದನ್ನು ತೋರಿಸಿದಳು. ತಿದ್ದುವಾಗ ತೊಂದರೆಯಾದವರು ಅಲ್ಲಿ ಕೇಳಬಹುದು. ಮುರಿದ ಕೈಯ ಕಥೆ ಹೇಳಿಕೊಂಡು ಕೇಳಿದೆ. ಕತ್ತರಿಯ ಹುಟ್ಟು, ಬೆಳವಣಿಗೆ, ಸಂಸ್ಕಾರ ಎಲ್ಲದರ ಬಗ್ಗೆಯೂ ಕೇಳಿದೆ. ಮಧ್ಯಾಹ್ನ 'ಮೂರನೇ ಮಹಡಿ' ಎಂಬ ಹೆಸರಿನವರು ಉತ್ತರಿಸಿದ್ದರು:

"ಸ್ವಾಗತ, ಬೀಗದಮ್ಮ ಅವರೇ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಯಾರೂ ಅನ್ನುತ್ತಿಲ್ಲ. ಆದರೆ ಇಲ್ಲಿ ಗೊತ್ತಿದ್ದರೆ ಸಾಲದು, ಎಲ್ಲಿ ಅಚ್ಚಾಗಿದೆ ಎಂದು ತೋರಿಸಬೇಕು. ಹುಡುಕೋಣ, ಜೊತೆಗಿದ್ದೇನೆ."

ಬೈದವಳಿಗೆ ಸ್ವಾಗತ ಹೇಳುವುದು ಎಂಥ ಜಾಣತನ! ಮತ್ತೆ ಬೈಯಲು ಬಾಯಿಯೇ ಬರಲಿಲ್ಲ.

ಮಾರ್ಚ್ ೮, ಶನಿವಾರ

ಅಚ್ಚಾದದ್ದು ಬೇಕೇ? ಬೀಗದ ಮೇಲೇ ಅಚ್ಚಾಗಿದೆಯಲ್ಲ. ನನ್ನ ಬಳಿ ಇರುವ ಅತಿ ಹಳೆಯ ಉಲ್ಟಾ ಬೀಗವನ್ನು ಅಕ್ಕನ ಮಗಳ ಕೈಯಲ್ಲಿ ಬಿಚ್ಚಿಸಿ ಫೋಟೊ ತೆಗೆಸಿದೆ. ಹೊರಗಡೆ ಅಪ್ಪನ ಅಂಗಡಿಯ ಮುದ್ರೆ, ಸುತ್ತಿನೊಳಗೊಂದು ಚುಕ್ಕಿ. ನಮ್ಮ ಅಂಗಡಿಯಿಂದ ಹೊರಬೀಳುವ ಪ್ರತಿಯೊಂದಕ್ಕೂ ಅದೇ ಮುದ್ರೆ, ಯಾರೇ ಮಾಡಿರಲಿ. ಮಾಡಿದವರು ಒಳತಗಡಿನ ಮೇಲೆ ತಮ್ಮದೊಂದು ಗುರುತು ಗೀರಬೇಕು. ಮುಂದೆ ಯಾವತ್ತೋ ರಿಪೇರಿಗೆ ಬಿಚ್ಚುವವರಿಗೆ ಮಾತ್ರ ಅದು ಕಾಣುತ್ತದೆ. ನನ್ನ ಗುರುತು ಬಾಚಣಿಗೆ. ಅಪ್ಪನದು ಒಂದು ಗೀರು.

ಈ ಬೀಗದೊಳಗೆ ಮೂರು ಗೀರು ಇವೆ. ವಿಶೇಷವಾದ ಬೀಗವಲ್ಲವೇ, ಅಪ್ಪ ಸಂತೋಷಕ್ಕೆ ಮೂರು ಹಾಕಿರಬೇಕು.

ಫೋಟೊ ನಡೆಯುವುದಿಲ್ಲವಂತೆ. ನೋಡಿ ತಾನೇ ತೀರ್ಮಾನಿಸುವುದು 'ಸ್ವಂತ ಸಂಶೋಧನೆ' ಎಂದು ಕತ್ತರಿ ಬರೆದಿದೆ. ಬೀಗ ಕೈಯಲ್ಲಿ ಹಿಡಿದವಳ ಮಾತು ಸುಳ್ಳು, ಅದನ್ನು ಕಣ್ಣಿಂದಲೂ ಕಾಣದೆ ಪುಸ್ತಕದಲ್ಲಿ ಬರೆದವನ ಮಾತು ನಿಜ. ಮೂರನೇ ಮಹಡಿಯವರು ಇದನ್ನೇ ಇನ್ನಷ್ಟು ಮೆತ್ತಗೆ ಹೇಳಿದರು.

ಮಾರ್ಚ್ ೧೧, ಮಂಗಳವಾರ

ಒಂದು ಉಪಾಯ ಹೊಳೆದಿದೆ. ಬರೆದಿಡುವುದಿಲ್ಲ.

ಬರೆದೇ ಬಿಡುತ್ತೇನೆ. 'ನಿಷ್ಪಕ್ಷಪಾತಿ' ಎಂಬ ಇನ್ನೊಂದು ಅಕೌಂಟ್ ತೆರೆದೆ. ಚರ್ಚೆಯ ಪುಟಕ್ಕೆ ಹೋಗಿ, "ನಾನು ಬೀಗದಮ್ಮನವರನ್ನು ಕಂಡವನಲ್ಲ, ಕೇಳಿದವನಲ್ಲ. ಆದರೂ ಅವರು ಹೇಳುವುದು ನೂರಕ್ಕೆ ನೂರು ಸರಿ ಎಂದು ನನ್ನ ಅಂತರಾತ್ಮ ನುಡಿಯುತ್ತಿದೆ" ಎಂದು ಬರೆದೆ. ಗಂಡಸಿನ ದನಿ ಚೆನ್ನಾಗಿ ಬಂದಿದೆ.

ಮಾರ್ಚ್ ೧೨, ಬುಧವಾರ

ಸಿಕ್ಕಿಬಿದ್ದೆ.

ಕತ್ತರಿ ಚರ್ಚೆಯಲ್ಲಿ, "ಬೀಗದಮ್ಮ ಅವರೇ, ಕೈನೋವು ಹೇಗಿದೆ?" ಎಂದು ಕೇಳಿತ್ತು. ಇಷ್ಟು ದಿನದಲ್ಲಿ ಮೊದಲ ಸಲ ಮನುಷ್ಯರ ಹಾಗೆ ಮಾತಾಡಿತಲ್ಲ ಎಂದು ಖುಷಿಯಿಂದ, "ಪರವಾಗಿಲ್ಲ, ರಾತ್ರಿ ಸ್ವಲ್ಪ ಸೆಳೆತ" ಎಂದು ಉತ್ತರಿಸಿದೆ. ಕಳಿಸಿದ ಮೇಲೆ ನೋಡಿದರೆ ನಾನಿನ್ನೂ ಆ ಇನ್ನೊಂದು ಅಕೌಂಟಿನಲ್ಲೇ ಇದ್ದೆ, ಸೆಳೆತವಿರುವುದು ನಿಷ್ಪಕ್ಷಪಾತಿಗೆ.

ನಿಷ್ಪಕ್ಷಪಾತಿಗೆ ಶಾಶ್ವತವಾಗಿ ಬಾಗಿಲು ಬಂದ್, ನನಗೆ ಮೂರು ದಿನ. ನನ್ನ ಸ್ವಂತ ಪುಟ ಬಿಟ್ಟು ಎಲ್ಲಿಯೂ ಏನೂ ಬರೆಯುವಂತಿಲ್ಲ. ಅಕ್ಕನ ಮಗಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಬೀಗದ ಕೆಲಸದವಳನ್ನು ಹೊರಗಿಟ್ಟು ಬೀಗ ಹಾಕಿದ್ದಾರೆ, ಇದಕ್ಕಿಂತ ಅವಮಾನ ಇನ್ನೇನಿದೆ. ಮೂರನೇ ಮಹಡಿಯವರು ಮಾತ್ರ ನನ್ನ ಪುಟಕ್ಕೆ ಬಂದು, ಗದರದೆ, ಒಂದು ಪ್ರಶ್ನೆ ಬಿಟ್ಟುಹೋಗಿದ್ದರು. ಆ ಬೀಗ ಯಾವುದಾದರೂ ಪ್ರದರ್ಶನಕ್ಕೆ ಹೋಗಿತ್ತೇ, ಬಹುಮಾನ ಬಂದಿತ್ತೇ, ಅದರ ಪುಸ್ತಿಕೆಯೇನಾದರೂ ಇದೆಯೇ ಎಂದು.

ಮಾರ್ಚ್ ೧೪, ಶುಕ್ರವಾರ

ಇದೆ. ತಾಂತ್ರಿಕ ಶಾಲೆಯ ವಸ್ತುಪ್ರದರ್ಶನ, ನಲವತ್ತಮೂರು ವರ್ಷದ ಹಿಂದೆ. ಉಲ್ಟಾ ಬೀಗಕ್ಕೆ ಮೊದಲ ಬಹುಮಾನ. ನೀಲಿ ರಟ್ಟಿನ ಪುಸ್ತಿಕೆ. ನಮ್ಮ ಪ್ರತಿಯನ್ನು ನಾನು ತೆರೆದು ನೋಡುವ ಮೊದಲೇ ಗೆದ್ದಲು ಓದಿ ಮುಗಿಸಿತ್ತು. ತಾಂತ್ರಿಕ ಶಾಲೆಯೇ ಈಗಿಲ್ಲ. ಇನ್ನೊಂದು ಪ್ರತಿ ಇರುವುದು ಒಂದೇ ಕಡೆ, ಎದುರಂಗಡಿಯವನ ಹತ್ತಿರ.

ಅವನ ಬಗ್ಗೆ ಈ ಡೈರಿಯಲ್ಲಿ ಬರೆಯಬಾರದೆಂದಿದ್ದೆ. ಅಪ್ಪನ ಕೈಕೆಳಗೆ ಕೆಲಸ ಕಲಿತವನು. ನನಗಿಂತ ಆರು ವರ್ಷಕ್ಕೆ ದೊಡ್ಡವನು, ಆಗ ಅಣ್ಣ ಎನ್ನುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಅಂಗಡಿಯ ನೇರ ಎದುರಿಗೇ ಅಂಗಡಿ ಹಾಕಿ, ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಉಲ್ಟಾ ಬೀಗದವರು' ಎಂದು ಬರೆಸಿದ. ನಡುರಸ್ತೆಯಲ್ಲಿ ನಿಂತು ಕಳ್ಳ ಎಂದು ಕೂಗಿದೆ. ತುಟಿ ಪಿಟಕ್ಕೆನ್ನಲಿಲ್ಲ. ಅದಾಗಿ ಹನ್ನೊಂದು ವರ್ಷ. ಅವನ ಅಂಗಡಿ ಎಲ್ಲಿ ಎಂದು ಕೇಳಿದ ಗಿರಾಕಿಗಳಿಗೆ ಅವನು ಊರು ಬಿಟ್ಟು ಹೋದನೆಂದು ಹೇಳುತ್ತಾ ಬಂದಿದ್ದೇನೆ. ಅವನು ಎದುರಿಗೇ ಕೂತು ನೋಡುತ್ತಿರುತ್ತಾನೆ.

ಮಾರ್ಚ್ ೧೫, ಶನಿವಾರ

ಹೋದೆ. ಅಪ್ಪನಿಗಾಗಿ ಹೋದೆ.

ಅವನು ತಲೆಯೆತ್ತಿದ. ಪ್ಲಾಸ್ಟರ್ ನೋಡಿದ. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ಹನ್ನೊಂದು ವರ್ಷದ ನಂತರ ಆಡಿದ ಮೊದಲ ಮಾತು, "ಬಾಗಿಲಿಗೆ ಒರಗಬೇಡ ಅಂತ ನಿಮ್ಮಪ್ಪ ಎಷ್ಟು ಸಲ ಹೇಳಿದ್ರು" ಎಂಬುದು. ಪುಸ್ತಿಕೆ ಕೇಳಿದೆ. ಯಾಕೆ ಎಂದ. ವಿಶ್ವಕೋಶದಲ್ಲಿ ಅಪ್ಪನ ಹೆಸರು ಹಾಕಬೇಕಾಗಿದೆ, ಇಪ್ಪತ್ತೇಳಕ್ಕೆ ಕೊನೆ ಎಂದೆ. ಅರದ ಹಿಡಿಯಿಂದ ಕಿವಿ ಕೆರೆದುಕೊಳ್ಳುತ್ತಾ, ಎಲ್ಲೋ ಕಳೆದುಹೋಗಿದೆ ಎಂದ.

ಸುಳ್ಳು. ಚಿಕ್ಕಂದಿನಿಂದ ನೋಡಿದ್ದೇನೆ, ಸುಳ್ಳು ಹೇಳುವಾಗಲೇ ಇವನಿಗೆ ಕಿವಿ ನವೆಯುವುದು. ಮೂಲೆಯಲ್ಲಿ ಗೋಡೆ ಕಪಾಟಿದೆ, ಉಲ್ಟಾ ಬೀಗ ಹಾಕಿದೆ. ಮಾತಾಡುತ್ತಾ ಎರಡು ಸಲ ಆ ಕಡೆ ನೋಡಿದ.

ಅವನ ಅರ, ಸುತ್ತಿಗೆ, ಇಕ್ಕಳ ಎಲ್ಲದರ ಹಿಡಿಯ ಮೇಲೂ ಮೂರು ಮೂರು ಗೀರು. ಈಚೆಗೆ ಎಲ್ಲರೂ ಎಲ್ಲವನ್ನೂ ನಕಲು ಮಾಡುತ್ತಾರೆ.

ಮಾರ್ಚ್ ೧೭, ಸೋಮವಾರ

ನನಗೆ ಹಾಕಿದ್ದ ಬೀಗ ತೆಗೆದಿದ್ದಾರೆ. ಸಹಾಯ ಪುಟಕ್ಕೆ ಹೋದರೆ ಹೊಸಬನೊಬ್ಬ ತನ್ನ ಅಜ್ಜಿಯ ಊರಿನ ಕೆರೆಯ ಬಗ್ಗೆ ಬರೆದದ್ದನ್ನು ಕತ್ತರಿ ಅಳಿಸಿತೆಂದು ಗೋಳಾಡುತ್ತಿದ್ದ. ಮೂರನೇ ಮಹಡಿ ಇನ್ನೂ ಬಂದಿರಲಿಲ್ಲ. ಹೊತ್ತು ಹೋಗಲೆಂದು, ಎಲ್ಲಿ ಅಚ್ಚಾಗಿದೆ ಎಂದು ಹುಡುಕು, ಎರಡನೇ ಅಕೌಂಟ್ ಮಾತ್ರ ತೆರೆಯಬೇಡ ಎಂದು ಬರೆದು ಬಂದೆ.

ಎದುರಂಗಡಿಯವನು ಒಂದೂವರೆಗೆ ಊಟಕ್ಕೆ ಹೋಗುತ್ತಾನೆ. ಅರ್ಧ ಷಟರ್ ಎಳೆದು ಹೋಗುತ್ತಾನೆ. ಎರಡೂಕಾಲಿಗೆ ಬರುತ್ತಾನೆ. ಸುಮ್ಮನೆ ಗಮನಿಸಿದೆ, ಅಷ್ಟೇ.

ಮಾರ್ಚ್ ೧೮, ಮಂಗಳವಾರ

ಮಧ್ಯಾಹ್ನ ಒಂದು ನಲವತ್ತಕ್ಕೆ ಷಟರಿನ ಕೆಳಗೆ ನುಗ್ಗಿದೆ. ಐವತ್ತಾರರ ವಯಸ್ಸಿನಲ್ಲಿ, ಒಂದು ಕೈ ಕೊರಳಿಗೆ ಕಟ್ಟಿಕೊಂಡು. ಎಡಗೈಯಲ್ಲಿ ತಂತಿ ಹಿಡಿದು, ಬೀಗವನ್ನು ಪ್ಲಾಸ್ಟರಿನಿಂದ ಒತ್ತಿಹಿಡಿದೆ. ತೆರೆಯಿತು. ಒಳಗೆ ಮೇಲಿನ ಹಲಗೆಯ ಮೇಲೆ, ಬಟ್ಟೆಯಲ್ಲಿ ಸುತ್ತಿದ ನೀಲಿ ಪುಸ್ತಿಕೆ.

ಹದಿನಾಲ್ಕನೇ ಪುಟ. ಉಲ್ಟಾ ಬೀಗ, ಮೊದಲ ಬಹುಮಾನ. ರೂಪಿಸಿ ತಯಾರಿಸಿದವರು ಎಂಬಲ್ಲಿ ಎದುರಂಗಡಿಯವನ ಪೂರ್ತಿ ಹೆಸರು, ವಯಸ್ಸು ಹತ್ತೊಂಬತ್ತು. ಕಲಿಸಿದವರು ಎಂಬಲ್ಲಿ ಅಪ್ಪನ ಹೆಸರು. ಕೆಳಗೆ ಅಪ್ಪನದೇ ಮಾತನ್ನು ಅಚ್ಚುಹಾಕಿದ್ದಾರೆ: "ಈ ಕೆಲಸದಲ್ಲಿ ನನ್ನ ಕೈ ಎಳ್ಳಷ್ಟೂ ಇಲ್ಲ. ನೋಡಿ ಸಂತೋಷಪಟ್ಟದ್ದು ಮಾತ್ರ ನಾನು."

ಅದನ್ನೇ ಮೊದಲಿಂದ ಮತ್ತೆ ಮತ್ತೆ ಓದಿದೆ. ಹಿಂದಿನಿಂದ ದನಿ ಕೇಳಿತು.

"ಎಡಗೈಯಲ್ಲಿ ಎಷ್ಟು ಹೊತ್ತು ಹಿಡೀತು?"

"ಆರು ನಿಮಿಷ" ಎಂದೆ.

"ಪರವಾಗಿಲ್ಲ. ಮೊದಲ ಸಲ ಮಾಡಿ ಕೊಟ್ಟಾಗ ನಿಮ್ಮಪ್ಪಂಗೆ ಬಲಗೈಯಲ್ಲೇ ನಾಕು ನಿಮಿಷ ಹಿಡಿದಿತ್ತು. ತೆರೆದ ಮೇಲೆ ಏನು ನಗು ಅಂತೀಯ."

ಆ ನಗು ನನ್ನ ಕಣ್ಣಿಗೆ ಕಟ್ಟಿದ ನಗುವೇ. ನಲವತ್ತಮೂರು ವರ್ಷ ಅದನ್ನು ಕಟ್ಟಿಕೊಂಡು ತಿರುಗಿದ್ದೇನೆ. ತಾನೇ ಮಾಡಿದ ಬೀಗವನ್ನು ತೆರೆಯಲು ಯಾರಾದರೂ ತಂತಿ ಹಿಡಿದು ಒದ್ದಾಡುತ್ತಾರೆಯೇ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ನಿನ್ನದೇ ಮುದ್ರೆ ಹಾಕು ಎಂದು ಅಪ್ಪ ಹೇಳಿದ್ದರಂತೆ. ಮೀಸೆ ಬಾರದವನ ಬೀಗವನ್ನು ಯಾರು ಕೊಳ್ಳುತ್ತಾರೆ ಎಂದು ಇವನೇ ಬೇಡವೆಂದನಂತೆ. ಅವತ್ತು ರಸ್ತೆಯಲ್ಲಿ ಕಳ್ಳ ಎಂದಾಗ ಇದನ್ನು ತಂದು ಮುಖಕ್ಕೆ ಎಸೆಯಬೇಕಿತ್ತಲ್ಲ ಎಂದು ಕೇಳಿದೆ.

"ನಿಮ್ಮಪ್ಪ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಅವತ್ತು ನಿಂಗೆ ಬೈಯೋಕೆ ಯಾರಾದ್ರೂ ಬೇಕಿತ್ತು" ಎಂದ. "ಬೈಸ್ಕೊಂಡೆ. ಸಿಟ್ಟು ಇಳಿದ ಮೇಲೆ ಹೇಳೋಣ ಅಂದ್ಕೊಂಡೆ. ಇಳೀಲೇ ಇಲ್ಲ."

ಪುಸ್ತಿಕೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟ. "ಅಪ್ಪನ ಹೆಸರೇ ಹಾಕು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ನಂದೇನೂ ತಕರಾರಿಲ್ಲ."

ಮಾರ್ಚ್ ೧೯, ಬುಧವಾರ

ಇವತ್ತು ಏನೂ ಬರೆಯುವುದಿಲ್ಲ.

ಮಾರ್ಚ್ ೨೨, ಶನಿವಾರ

ಐದು ದಿನ ಉಳಿದಿದೆ. 'ಆಧಾರ: ಪ್ರದರ್ಶನ ಪುಸ್ತಿಕೆ, ಪುಟ ಹದಿನಾಲ್ಕು' ಎಂದು ಹಾಕಿ ಅಪ್ಪನ ಹೆಸರು ಬರೆದರೆ ಮುಗಿಯಿತು. ಕತ್ತರಿ ಒಪ್ಪುತ್ತದೆ, ಮೂರನೇ ಮಹಡಿ ಬೆನ್ನು ತಟ್ಟುತ್ತದೆ. ಗೊತ್ತಿರುವುದು ಇಬ್ಬರಿಗೆ, ಅದರಲ್ಲಿ ಒಬ್ಬರು ಬಾಯಿ ಬಿಡುವವರಲ್ಲ.

ಸುಮ್ಮನೆ ತಿಳಿದುಕೊಳ್ಳೋಣ ಎಂದು ಸಹಾಯ ಪುಟದಲ್ಲಿ ಕೇಳಿದೆ. ಜಗತ್ತಿನಲ್ಲಿ ಒಂದೇ ಪ್ರತಿ ಉಳಿದಿರುವ ಪುಸ್ತಕ ಒಬ್ಬರ ಹತ್ತಿರವೇ ಇದ್ದರೆ, ಅವರು ಅದರಲ್ಲಿರುವುದನ್ನೇ ಬರೆದರು ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ?

ಮೂರನೇ ಮಹಡಿ ಒಂದೇ ಸಾಲು ಉತ್ತರಿಸಿತು. "ಗೊತ್ತಾಗುವುದಿಲ್ಲ, ನಂಬುತ್ತೇವೆ."

ಬುದ್ಧಿಯಿಲ್ಲವೇ ಇವರಿಗೆ? ನಿಷ್ಪಕ್ಷಪಾತಿಯನ್ನು ಸಾಕಿದವಳನ್ನು ನಂಬುತ್ತಾರಂತೆ. ಲ್ಯಾಪ್‌ಟಾಪ್ ಮುಚ್ಚಿ ಮನೆಯೆಲ್ಲ ಸುತ್ತಿದೆ. ಎಂಥೆಂಥ ಬೀಗ ಬೇಕಾದರೂ ಬಿಡಿಸುತ್ತೇನೆ, ಬೀಗವನ್ನೇ ಹಾಕದ ಮನೆಗೆ ಕನ್ನ ಹಾಕು ಎಂದರೆ ಹೇಗೆ ಹಾಕಲಿ? ಮೂರು ಹೊತ್ತೂ ಸಿಟ್ಟಿನಲ್ಲೇ ಇದ್ದೆ. ಸಂಜೆ ಕೂತು ಬರೆದೆ. ರೂಪಿಸಿದವರು ಇಂಥವರು, ಆಗ ವಯಸ್ಸು ಹತ್ತೊಂಬತ್ತು. ಅವರಿಗೆ ಕಲಿಸಿದವರು ಇಂಥವರು. ಪುಟ ಹದಿನಾಲ್ಕು. ಚಿನ್ನದಂಥ ಕೈ ಎಂಬುದನ್ನು ಸೇರಿಸಲಿಲ್ಲ, ಅದಕ್ಕೆ ಆಧಾರವಿಲ್ಲ. ಅಪ್ಪನ ಹೆಸರು ಎರಡನೆಯದಾಗಿ ಬಂದಿದೆ. ನೋಡಿ ಸ್ವಲ್ಪ ಅತ್ತೆ. ಅಕ್ಕನ ಮಗಳು ಹತ್ತಿರ ಬಂದು ಕೂತಳು.

ಬರೆಯುವವರಿಗೂ ವಿಷಯಕ್ಕೂ ಸಂಬಂಧವಿದ್ದರೆ ಮೊದಲೇ ಘೋಷಿಸಬೇಕೆಂಬ ನಿಯಮವಿದೆ. ಘೋಷಿಸಿದೆ: "ಕಲಿಸಿದವರು ನನ್ನ ತಂದೆ. ರೂಪಿಸಿದವರೊಂದಿಗೆ ನನಗೆ ಹನ್ನೊಂದು ವರ್ಷದಿಂದ ಜಗಳ. ತಪ್ಪು ನನ್ನದು."

ಮಾರ್ಚ್ ೨೭, ಗುರುವಾರ

ಕೆಂಪು ನೋಟಿಸು ಹೋಯಿತು. ತೆಗೆದದ್ದು ಕತ್ತರಿಯೇ. ಇಷ್ಟು ವರ್ಷದಲ್ಲಿ ತಮ್ಮವರನ್ನು ಹೊಗಳಿ ಬರೆಯುವವರನ್ನೇ ಕಂಡಿದ್ದೆ, ಜಗಳವನ್ನು ಘೋಷಿಸಿ ಬರೆದವರನ್ನು ಇದೇ ಮೊದಲು ನೋಡುತ್ತಿರುವುದು ಎಂದು ಬರೆದಿದೆ. ಪೂರ್ತಿ ಬರೆಯಲಾಗದೆ, "ಮಗು ಎದ್ದಿತು, ಆಮೇಲೆ ಬರುತ್ತೇನೆ" ಎಂದು ನಿಲ್ಲಿಸಿದ್ದಾಳೆ. ಚೂಪು ಮೂಗಿನ ಗಂಡಸನ್ನು ಮನಸ್ಸಿನಿಂದ ಓಡಿಸಬೇಕಾಯಿತು.

ಕೆರೆಯ ಹುಡುಗ ಮತ್ತೆ ಬಂದಿದ್ದ. ಅವನ ಜೊತೆ ಇನ್ನೂ ನಾಲ್ಕು ಜನ. ಉತ್ತರ ಬರೆಯುವಷ್ಟರಲ್ಲಿ ಎಡಗೈ ಜೋಮು ಹಿಡಿಯಿತು.

ಏಪ್ರಿಲ್ ೧೨, ಶನಿವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ಸೊರಗಿ ಬೇರೆ ಯಾರದೋ ಕೈಯಂತಿದೆ. ಅಂಗಡಿ ತೆರೆದೆ. ಒಬ್ಬಾಕೆ ಉಲ್ಟಾ ಬೀಗ ತಂದರು, ಕಚ್ಚಿಕೊಂಡಿತ್ತು. ಈ ಕೈಗೆ ಇನ್ನೂ ಬಲವಿಲ್ಲ, ಅದನ್ನು ಮಾಡಿದವರೇ ಎದುರಿಗಿದ್ದಾರೆ, ಅಲ್ಲಿಗೆ ಹೋಗಿ ಎಂದೆ. ಅವರು ಊರು ಬಿಟ್ಟು ಹೋದರು ಅಂದಿದ್ರಲ್ಲ ಎಂದು ಆಕೆ ಕೇಳಿದರು. ಬಂದರು ಎಂದೆ.

ಮಧ್ಯಾಹ್ನ ಅಕ್ಕನ ಮಗಳು ತನ್ನ ಫೋನಿನಲ್ಲಿ ಎದುರಂಗಡಿಯ ಅಣ್ಣನಿಗೆ ಪುಟ ತೋರಿಸಿದಳಂತೆ. ಅವರು ಎರಡು ಸಲ ಓದಿ, ಕನ್ನಡಕ ಒರೆಸಿ, ಮೂರನೇ ಸಲ ಓದಿ, ರಸ್ತೆ ದಾಟಿ ನನ್ನ ಅಂಗಡಿಗೇ ಬಂದರು. ಏನೋ ದೊಡ್ಡ ಮಾತು ಹೇಳುತ್ತಾರೆಂದು ನಾನೂ ಸಿದ್ಧಳಾಗಿ ನಿಂತೆ.

"ವಯಸ್ಸು ತಪ್ಪಾಗಿದೆ" ಎಂದರು. "ನಂಗಾಗ ಹದಿನೆಂಟೇ. ಹತ್ತೊಂಬತ್ತಕ್ಕೆ ಇನ್ನೂ ಮೂರು ತಿಂಗಳಿತ್ತು."

"ಅಚ್ಚಾಗಿರೋದು ಹತ್ತೊಂಬತ್ತು."

"ನನ್ನ ವಯಸ್ಸು ನಂಗೆ ಗೊತ್ತಿಲ್ವಾ?"

ಗೊತ್ತಿದ್ದರೆ ಸಾಲದು ಎಂದೆ. ಬಂದ ವೇಗದಲ್ಲೇ ರಸ್ತೆ ದಾಟಿ ಹೋದರು.

ಏಪ್ರಿಲ್ ೧೬, ಬುಧವಾರ

ಬೆಳಿಗ್ಗೆ ಅಂಗಡಿಯಲ್ಲಿ ಕೂತು ಸಹಾಯ ಪುಟ ತೆರೆದೆ. ಎಂದಿನಂತೆ ಮೊದಲು ಹೊಸಬರ ಗೋಳು ನೋಡಿಬಿಡೋಣ ಎಂದು. ಮೇಲೇ ಇತ್ತು ಒಂದು. ಅಕೌಂಟಿನ ಹೆಸರು 'ಎದುರಂಗಡಿ', ನಿನ್ನೆ ತೆರೆದದ್ದು. ತೆರೆದುಕೊಟ್ಟವಳು ಯಾರೆಂದು ಕೇಳಬೇಕಾಗಿಲ್ಲ, ನಿನ್ನೆಯಿಂದ ಈ ಡೈರಿಯ ಹಲ್ಲಿನ ಹಾಗೆ ಕಿಸಿಯುತ್ತಾ ಓಡಾಡುತ್ತಿದ್ದಾಳೆ.

"ಮಾನ್ಯರೇ, ಉಲ್ಟಾ ಬೀಗದ ಪುಟದಲ್ಲಿ ನನ್ನ ವಯಸ್ಸನ್ನು ಹೆಚ್ಚು ಮಾಡಿ ಬರೆದಿದ್ದಾರೆ. ಎರಡು ಸಲ ತಿದ್ದಿದೆ, ಎರಡು ಸಲವೂ ಬೀಗದಮ್ಮ ಎಂಬುವರು ಅಳಿಸಿದರು. ಇವರು ಚಿಕ್ಕಂದಿನಿಂದಲೂ ಹೀಗೆಯೇ. ದಯವಿಟ್ಟು ಅವರಿಗೆ ಯಾರಾದರೂ ಬುದ್ಧಿ ಹೇಳಿ."

ಮೂರನೇ ಮಹಡಿ ಇನ್ನೂ ಬಂದಿರಲಿಲ್ಲ. ಕತ್ತರಿಯ ಮಗುವಿಗೆ ಜ್ವರವಂತೆ. ಹಾಗಾಗಿ ನಾನೇ ಬರೆಯಬೇಕಾಯಿತು. ಬಲಗೈಯಲ್ಲಿ, ನಿಧಾನವಾಗಿ.

"ಸ್ವಾಗತ, ಎದುರಂಗಡಿ ಅವರೇ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಯಾರೂ ಅನ್ನುತ್ತಿಲ್ಲ. ಆದರೆ ಇಲ್ಲಿ ಗೊತ್ತಿದ್ದರೆ ಸಾಲದು, ಎಲ್ಲಿ ಅಚ್ಚಾಗಿದೆ ಎಂದು ತೋರಿಸಬೇಕು. ಹುಡುಕೋಣ, ಜೊತೆಗಿದ್ದೇನೆ."

ಕಳಿಸಿ ತಲೆಯೆತ್ತಿದೆ. ರಸ್ತೆಯಾಚೆ ಅಣ್ಣ ಫೋನನ್ನು ಮೂಗಿಗೆ ಹತ್ತಿರ ಹಿಡಿದು ಓದುತ್ತಿದ್ದರು. ಓದಿ ಮುಗಿಸಿ, ಅರವನ್ನು ನನ್ನ ಕಡೆ ಎತ್ತಿ ಅಲ್ಲಾಡಿಸಿದರು. ಆಮೇಲೆ ಅದರ ಹಿಡಿಯಿಂದ ಕಿವಿ ಕೆರೆದುಕೊಳ್ಳುತ್ತಾ, ಸಿಟ್ಟು ಬಂದವರ ಹಾಗೆ ಮುಖ ತಿರುಗಿಸಿಕೊಂಡರು.